ಅಮೆರಿಕದ ಮೃದು ಶಕ್ತಿಗೆ ಮುಂದೇನು? ಪದೇ ಪದೇ ಕೇಳುವ ಪ್ರಶ್ನೆಗಳು

‘ಮೃದು ಶಕ್ತಿ’ ಎಂದರೆ ನಿಖರವಾಗಿ ಏನು?

ಹಾರ್ವರ್ಡ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞ ಜೋಸೆಫ್ ನೈ ಅವರು 1990ರಲ್ಲಿ ‘ಸಾಫ್ಟ್ ಪವರ್’ ಎಂಬ ಮಾತನ್ನು ಚಾಲ್ತಿಗೆ ತಂದರು. ಒಂದು ದೇಶ ತನಗೆ ಬೇಕಾದುದನ್ನು ಇನ್ನೊಬ್ಬರಿಂದ ಪಡೆಯಲು ಮೂರು ದಾರಿಗಳಿವೆ: ಹೆದರಿಸುವುದು, ಹಣ ಕೊಡುವುದು, ಅಥವಾ ಆ ಇನ್ನೊಬ್ಬರೇ ಒಲಿದು ಬರುವಂತೆ ಇರುವುದು. ಈ ಮೂರನೆಯದೇ ಮೃದು ಶಕ್ತಿ. ನೈ ಅವರ ಪ್ರಕಾರ ಅದಕ್ಕೆ ಮೂರು ಮೂಲಗಳಿವೆ: ದೇಶದ ಸಂಸ್ಕೃತಿ, ಅದು ಮನೆಯಲ್ಲಿ ಪಾಲಿಸುವ ರಾಜಕೀಯ ಮೌಲ್ಯಗಳು, ಮತ್ತು ಹೊರಗಿನವರಿಗೂ ನ್ಯಾಯವೆಂದು ತೋರುವ ವಿದೇಶಾಂಗ ನೀತಿ. 2025ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಅವರು ಈ ವಿಚಾರವನ್ನು ತಿದ್ದುತ್ತ, ಅದರ ಅಪಾರ್ಥಗಳಿಗೆ ಉತ್ತರಿಸುತ್ತ ಇದ್ದರು.

ನಮ್ಮ ಸಾಮ, ದಾನ, ಭೇದ, ದಂಡಗಳ ಲೆಕ್ಕದಲ್ಲಿ ಇದನ್ನು ‘ಸಾಮ’ ಎಂದು ಹೇಳುವ ರೂಢಿಯಿದೆ. ನನಗೆ ಅದು ಪೂರ್ತಿ ಹೊಂದುವುದಿಲ್ಲ. ಸಾಮ ಎಂಬುದು ರಾಜನು ಬೇಕೆಂದು ಹೂಡುವ ಉಪಾಯ. ಮೃದು ಶಕ್ತಿಯ ಬಹುಪಾಲು ಯಾರೂ ಹೂಡದೆಯೇ ಹುಟ್ಟುತ್ತದೆ. ‘ವರ್ಚಸ್ಸು’ ಎಂಬ ಪದ ಇದಕ್ಕೆ ಹೆಚ್ಚು ಹತ್ತಿರ. ವರ್ಚಸ್ಸು ಇರುವವರಲ್ಲಿ ಅದು ಇದೆಯೆಂದು ತೀರ್ಮಾನಿಸುವವರು ನೋಡುವವರೇ ಹೊರತು ಅವರಲ್ಲ.

ಡ್ರೋನು, ಕ್ಷಿಪಣಿಗಳ ಕಾಲದಲ್ಲಿ ಇಂಥದ್ದಕ್ಕೆ ಬೆಲೆ ಉಳಿದಿದೆಯೇ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉಪ್ಸಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶದ ಎಣಿಕೆಯಂತೆ, ಒಂದು ಪಕ್ಷವಾಗಿ ಸರ್ಕಾರವೇ ಇರುವ ಸಶಸ್ತ್ರ ಸಂಘರ್ಷಗಳು 2024ರಲ್ಲಿ 61. 1946ರಿಂದೀಚೆಗೆ ಅಷ್ಟು ಹಿಂದೆಂದೂ ದಾಖಲಾಗಿರಲಿಲ್ಲ. ಅದೇ ವರ್ಷ ಜಗತ್ತಿನ ಸೇನಾ ವೆಚ್ಚ 2.7 ಲಕ್ಷ ಕೋಟಿ ಡಾಲರ್ ದಾಟಿತು, ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಅಮೆರಿಕದ್ದು. ಉಕ್ರೇನ್, ಗಾಜಾ, ಸುಡಾನ್‌ಗಳ ನೆಲದಲ್ಲಿ ನಿಂತು ಆಕರ್ಷಣೆಯ ಮಾತಾಡುವುದು ಕಷ್ಟವೇ.

ಆದರೆ ಯುದ್ಧವೇ ಈ ಶಕ್ತಿಯ ಬೆಲೆಯನ್ನು ಬಯಲಿಗೆ ತರುತ್ತದೆ ಎಂಬುದಕ್ಕೆ ಎರಡು ಪ್ರಸಂಗಗಳನ್ನು ನೆನೆಯಬಹುದು. 2003ರ ಮಾರ್ಚ್ 1ರಂದು ಟರ್ಕಿಯ ಸಂಸತ್ತು, ಇರಾಕಿನ ಮೇಲೆ ಉತ್ತರದಿಂದ ನುಗ್ಗಲು ಅಮೆರಿಕದ ಸೇನೆಗೆ ತನ್ನ ನೆಲದಲ್ಲಿ ದಾರಿ ಕೊಡಲು ಒಪ್ಪಲಿಲ್ಲ. ಟರ್ಕಿ ನ್ಯಾಟೋ ಸದಸ್ಯ ರಾಷ್ಟ್ರ, ದೊಡ್ಡ ಮೊತ್ತದ ಆರ್ಥಿಕ ನೆರವಿನ ಭರವಸೆಯೂ ಅದರ ಮುಂದಿತ್ತು. ಆದರೂ ಟರ್ಕಿಯ ಜನಾಭಿಪ್ರಾಯ ಆ ಯುದ್ಧಕ್ಕೆ ಎಷ್ಟು ವಿರುದ್ಧವಾಗಿತ್ತೆಂದರೆ, ಒಂದು ಇಡೀ ಪದಾತಿ ಡಿವಿಜನ್ ಬೇರೆ ದಾರಿ ಹಿಡಿದು ಕುವೈತಿಗೆ ಹೋಗಬೇಕಾಯಿತು. ಎರಡನೆಯದು ಉಕ್ರೇನ್. 2022ರ ಫೆಬ್ರವರಿಯಲ್ಲಿ ರಷ್ಯಾ ದಾಳಿ ಮಾಡಿದಾಗ ಅಧ್ಯಕ್ಷ ಝೆಲೆನ್‌ಸ್ಕಿ ಒಂದೊಂದೇ ದೇಶದ ಸಂಸತ್ತಿಗೆ ವಿಡಿಯೊ ಮೂಲಕ ಮಾತನಾಡಿ, ಅಲ್ಲಿನ ಜನರ ಮನಸ್ಸನ್ನು ಗೆದ್ದು, ಆ ಮೂಲಕ ಶಸ್ತ್ರಾಸ್ತ್ರಗಳನ್ನು ತರಿಸಿಕೊಂಡರು. ಮೃದು ಶಕ್ತಿ ಟ್ಯಾಂಕನ್ನು ನಿಲ್ಲಿಸಲಾರದು. ಆದರೆ ಟ್ಯಾಂಕು ಯಾರ ನೆಲದ ಮೇಲೆ ಹಾದುಹೋಗಬಹುದು, ಯಾರ ಕಡೆಯಿಂದ ಬರಬಹುದು ಎಂಬುದನ್ನು ಅದು ಹಲವು ಸಲ ನಿರ್ಧರಿಸಿದೆ.

ಇದು ಪ್ರಚಾರಕ್ಕೆ ಇಟ್ಟ ಇನ್ನೊಂದು ಹೆಸರಲ್ಲವೇ?

ಅಲ್ಲ, ಆದರೆ ಇವೆರಡರ ನಡುವಿನ ಗೆರೆ ತೆಳುವಾದದ್ದು. ವಾಯ್ಸ್ ಆಫ್ ಅಮೆರಿಕ ಬಾನುಲಿ 1942ರಲ್ಲಿ, ಯುದ್ಧದ ನಡುವೆ, ಜರ್ಮನ್ ಭಾಷೆಯಲ್ಲಿ ಶುರುವಾಯಿತು. ಗೆಲುವಿನ ಸುದ್ದಿಯಷ್ಟೇ ಸೋಲಿನ ಸುದ್ದಿಯನ್ನೂ ಹೇಳುತ್ತೇವೆ ಎಂಬ ಪಣದಿಂದಲೇ ಅದು ಕೇಳುಗರ ನಂಬಿಕೆ ಗಳಿಸಿತು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಬಾನುಲಿಯೊಂದು ಸರ್ಕಾರಕ್ಕೆ ಮುಜುಗರವಾಗುವ ಸುದ್ದಿಯನ್ನೂ ಓದುತ್ತದೆಂದರೆ, ನಿರಂಕುಶ ಆಡಳಿತದಡಿ ಕುಳಿತು ಕೇಳುವವರಿಗೆ ಆ ಓದುವಿಕೆಯೇ ಒಂದು ಸಂದೇಶ.

ಅಮೆರಿಕವೆಂದರೆ ಅದರ ಸರ್ಕಾರವೇ, ಸಮಾಜವೇ? ನಾವು ಒಲಿಯುವುದು ಯಾವುದಕ್ಕೆ?

ನಮ್ಮ ಉಪಖಂಡದ ಹಿರಿಯರಿಗೆ ಇದರ ಉತ್ತರ 1971ರಲ್ಲೇ ಸಿಕ್ಕಿದೆ. ಪೂರ್ವ ಪಾಕಿಸ್ತಾನದಲ್ಲಿ ನರಮೇಧ ನಡೆಯುತ್ತಿರುವಾಗ ನಿಕ್ಸನ್ ಸರ್ಕಾರ ಪಾಕಿಸ್ತಾನದ ಸೇನಾಡಳಿತದ ಪರವಾಗಿ ನಿಂತಿತು; ಡಿಸೆಂಬರಿನಲ್ಲಿ ವಿಮಾನವಾಹಕ ನೌಕೆ ಎಂಟರ್‌ಪ್ರೈಸ್ ಬಂಗಾಳ ಕೊಲ್ಲಿಯತ್ತ ಬಂತು. ಅದೇ ವರ್ಷ ಢಾಕಾದ ಅಮೆರಿಕನ್ ಕಾನ್ಸುಲೇಟಿನ ಮುಖ್ಯಸ್ಥ ಆರ್ಚರ್ ಬ್ಲಡ್ ಮತ್ತು ಸಹೋದ್ಯೋಗಿಗಳು ತಮ್ಮ ಸರ್ಕಾರದ ಮೌನವನ್ನು ಖಂಡಿಸಿ ವಾಷಿಂಗ್ಟನ್ನಿಗೆ ತಂತಿ ಕಳಿಸಿದರು. ಆಗಸ್ಟಿನಲ್ಲಿ ಪಂಡಿತ್ ರವಿಶಂಕರ್ ಮತ್ತು ಬೀಟಲ್ಸ್ ಖ್ಯಾತಿಯ ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಿರಾಶ್ರಿತರಿಗಾಗಿ ಕಛೇರಿ ನಡೆಸಿದಾಗ ಆ ಸಭಾಂಗಣವನ್ನು ತುಂಬಿದವರು ಅಮೆರಿಕದ ಯುವಜನರೇ. ಸೆನೆಟರ್ ಎಡ್ವರ್ಡ್ ಕೆನಡಿ ಭಾರತಕ್ಕೆ ಬಂದು ನಿರಾಶ್ರಿತರ ಶಿಬಿರಗಳನ್ನು ನೋಡಿ ಹೋಗಿ, ತಮ್ಮ ದೇಶದ ನೀತಿಯನ್ನು ಬಹಿರಂಗವಾಗಿ ಟೀಕಿಸಿದರು.

ಒಂದೇ ದೇಶದಿಂದ ಒಂದೇ ವರ್ಷ ಯುದ್ಧನೌಕೆಯೂ ಬಂತು, ನೆರವಿನ ಹಾಡೂ ಬಂತು. ಅದಾದ ಮೇಲೂ ಭಾರತದ ವಿದ್ಯಾರ್ಥಿಗಳು ಅಮೆರಿಕಕ್ಕೆ ಹೋಗುವುದನ್ನು ನಿಲ್ಲಿಸಲಿಲ್ಲ. ಸರ್ಕಾರದ ಮೇಲಿನ ಸಿಟ್ಟು ಸಮಾಜದ ಮೇಲಿನ ಒಲವನ್ನು ಪೂರ್ತಿ ಸುಡಲಿಲ್ಲ, ಏಕೆಂದರೆ ಆ ಸಿಟ್ಟನ್ನು ಆಡಿ ತೋರಿಸಿದವರಲ್ಲಿ ಅಮೆರಿಕನ್ನರೂ ಇದ್ದರು.

ನೆರವು ಕೊಟ್ಟ ಮಾತ್ರಕ್ಕೆ ಪ್ರೀತಿ ಸಿಗುತ್ತದೆಯೇ?

ಸಿಗುವುದಿಲ್ಲ. ಹೇಗೆ ಕೊಟ್ಟರು ಎಂಬುದರ ಮೇಲೆ ಅದು ನಿಂತಿದೆ. ಇದಕ್ಕೆ ಕರ್ನಾಟಕದ ಅನುಭವವೇ ಒಳ್ಳೆಯ ಪಾಠ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

1954ರಲ್ಲಿ ಅಮೆರಿಕ ಮಾಡಿದ ಪಿ.ಎಲ್. 480 ಎಂಬ ಕಾಯ್ದೆಯಡಿ ಭಾರತಕ್ಕೆ ಹಡಗುಗಟ್ಟಲೆ ಗೋಧಿ ಬಂತು. ಅದರ ಬೆಲೆಯನ್ನು ಡಾಲರಿನಲ್ಲಲ್ಲ, ರೂಪಾಯಿಯಲ್ಲಿ ಕೊಡಬಹುದಾಗಿತ್ತು. 1965–67ರ ಬರಗಾಲದಲ್ಲಿ ಈ ಗೋಧಿ ಅಸಂಖ್ಯ ಜೀವಗಳನ್ನು ಉಳಿಸಿತು. ಆದರೆ ಅಧ್ಯಕ್ಷ ಲಿಂಡನ್ ಜಾನ್ಸನ್, ಭಾರತ ತನ್ನ ಕೃಷಿನೀತಿಯನ್ನು ಬದಲಿಸಲಿ ಎಂಬ ಒತ್ತಾಯಕ್ಕೂ ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ ಸಿಟ್ಟಿಗೂ ಗೋಧಿಯನ್ನು ಕಂತುಕಂತಾಗಿ, ಹಗ್ಗ ಬಿಗಿಹಿಡಿದು ಬಿಡುಗಡೆ ಮಾಡತೊಡಗಿದರು. ಊಟ ಉಂಡವರಿಗೆ ಊಟದ ರುಚಿಗಿಂತ ಬಾಗಿಲಲ್ಲಿ ಕಾಯಿಸಿದ್ದೇ ನೆನಪಿನಲ್ಲಿ ಉಳಿಯಿತು. ಇನ್ನು ಆ ಗೋಧಿಯ ಜೊತೆಗೇ ಪಾರ್ಥೇನಿಯಂ ಕಳೆಯೂ ಬಂತೆಂದು ನಮ್ಮ ಹಳ್ಳಿಗಳಲ್ಲಿ ಈಗಲೂ ಹೇಳುತ್ತಾರೆ. ಆ ಮಾತು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎಷ್ಟೇ ನಿಲ್ಲಲಿ, ಜನರ ಮನಸ್ಸಿನಲ್ಲಿ ಆ ನೆರವಿನ ಚಿತ್ರ ಹೇಗೆ ಮೂಡಿತ್ತೆಂಬುದಕ್ಕೆ ಅದು ಸಾಕ್ಷಿ.

ಅದೇ ನೆರವಿನ ಇನ್ನೊಂದು ಮುಖವಿದೆ. ಕೇರ್ ಎಂಬ ನೆರವು ಸಂಸ್ಥೆಯ ಮೂಲಕ ಬಂದ ಗೋಧಿನುಚ್ಚಿನ ಉಪ್ಪಿಟ್ಟನ್ನೂ ಹಾಲಿನ ಪುಡಿಯನ್ನೂ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಓದಿದ ಒಂದು ತಲೆಮಾರು ಮರೆತಿಲ್ಲ. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಟೆನೆಸಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ನೆರವಾದರು; ಬೋಧನೆ, ಸಂಶೋಧನೆ, ರೈತರಿಗೆ ತಲುಪಿಸುವ ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ತರುವ ಮಾದರಿ ಅಮೆರಿಕದ ಕೃಷಿ ಕಾಲೇಜುಗಳಿಂದ ಬಂದದ್ದು. ಮೂರನೆಯದಂತೂ ಬಹಳ ಮಂದಿಗೆ ತಿಳಿಯದು: ಗೋಧಿ ಮಾರಿ ಬಂದು ಭಾರತದಲ್ಲೇ ರಾಶಿಬಿದ್ದಿದ್ದ ಆ ರೂಪಾಯಿಗಳಲ್ಲಿ ಒಂದಷ್ಟನ್ನು 1962ರಿಂದ ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ ಭಾರತೀಯ ಭಾಷೆಗಳ ಪುಸ್ತಕ ಕೊಳ್ಳಲು ಬಳಸಿತು. ಹಾಗೆ ಕೊಂಡ ಕನ್ನಡದ ಕಾದಂಬರಿ, ಕವನ ಸಂಕಲನ, ಜಾನಪದ ಸಂಗ್ರಹಗಳು ಅಮೆರಿಕದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಸೇರಿದವು. ಗೋಧಿ ಆ ವರ್ಷವೇ ಕರಗಿಹೋಯಿತು. ಕೃಷಿ ವಿಶ್ವವಿದ್ಯಾಲಯವೂ ಆ ಪುಸ್ತಕದ ಕಪಾಟುಗಳೂ ಉಳಿದಿವೆ. ಪಡೆದವರ ಕೈಯಲ್ಲಿ ಬೆಳೆಯುವಂಥದ್ದನ್ನು ಕೊಟ್ಟಾಗಲಷ್ಟೇ ನೆರವು ವರ್ಚಸ್ಸಾಗುತ್ತದೆ ಎಂದು ನಾನು ನಂಬುವುದು ಇದರಿಂದಲೇ.

ಸ್ವಂತ ಮನೆಯಲ್ಲೇ ಅನ್ಯಾಯವಿರುವ ದೇಶ ಬೇರೆಯವರಿಗೆ ಹೇಗೆ ಮಾದರಿಯಾದೀತು?

ಶೀತಲ ಸಮರದ ಉದ್ದಕ್ಕೂ ಸೋವಿಯತ್ ಒಕ್ಕೂಟ ಕೇಳುತ್ತಿದ್ದ ಪ್ರಶ್ನೆ ಇದೇ, ಮತ್ತು ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಶಾಲೆಗಳಲ್ಲಿನ ವರ್ಣಭೇದವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಅಮೆರಿಕದ ಸರ್ಕಾರವೇ ಸುಪ್ರೀಂ ಕೋರ್ಟಿನ ಮುಂದೆ, ಈ ಭೇದ ಹೊರದೇಶಗಳಲ್ಲಿ ನಮ್ಮ ಮಾತಿನ ಬೆಲೆಯನ್ನು ಕಳೆಯುತ್ತಿದೆ ಎಂದು ವಾದಿಸಿತು. 1954ರಲ್ಲಿ ಕೋರ್ಟು ಆ ಭೇದ ಸಂವಿಧಾನಬಾಹಿರ ಎಂದು ತೀರ್ಪಿತ್ತಿತು. 1957ರಲ್ಲಿ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಶಾಲೆಗೆ ಹೋಗದಂತೆ ತಡೆದಾಗ, ಆ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಅಧ್ಯಕ್ಷ ಐಸೆನ್‌ಹೋವರ್ ಸೇನೆ ಕಳಿಸಿ ಆ ಮಕ್ಕಳನ್ನು ಶಾಲೆಯೊಳಕ್ಕೆ ಕರೆದೊಯ್ಯಿಸಿದರು. ಅಷ್ಟರಲ್ಲಿ, ಸರ್ಕಾರದ ಪರವಾಗಿ ಸೋವಿಯತ್ ಪ್ರವಾಸಕ್ಕೆ ಹೊರಡಬೇಕಿದ್ದ ಜಾಝ್ ಗಾರುಡಿಗ ಲೂಯಿ ಆರ್ಮ್‌ಸ್ಟ್ರಾಂಗ್, ತನ್ನ ಜನರನ್ನು ಹೀಗೆ ನಡೆಸಿಕೊಳ್ಳುವ ಸರ್ಕಾರದ ಪರ ನಾನು ಹೋಗಲಾರೆ ಎಂದು ಬಿಟ್ಟಿದ್ದರು.

ಆರ್ಮ್‌ಸ್ಟ್ರಾಂಗ್ ಹಾಡಲು ಹೋಗಿದ್ದರೆ ಅಮೆರಿಕಕ್ಕೆ ಎಷ್ಟು ಹೆಸರು ಬರುತ್ತಿತ್ತೋ, ಹೋಗಲಾರೆ ಎಂದದ್ದರಿಂದ ಅದಕ್ಕಿಂತ ಹೆಚ್ಚು ಬಂತು ಎಂಬುದು ನನ್ನ ಎಣಿಕೆ. ಮಾಸ್ಕೋದಲ್ಲಿ ಯಾವ ಕಲಾವಿದನೂ ತನ್ನ ಸರ್ಕಾರಕ್ಕೆ ಹಾಗೆ ಹೇಳಿ ಮರುದಿನ ವೇದಿಕೆ ಹತ್ತುವಂತಿರಲಿಲ್ಲ. ಅಮೆರಿಕದ ಅಧಿಕಾರವನ್ನು ವಿರೋಧಿಸಿದ ಅಮೆರಿಕನ್ನರೇ ನಮ್ಮಂಥವರಿಗೆ ಹೆಚ್ಚು ಹತ್ತಿರವಾದರು. ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಗಾಂಧೀಜಿಯ ನಾಡನ್ನು ನೋಡಲು ಬಂದಾಗ ಸಿಕ್ಕ ಸ್ವಾಗತ, 1972ರಲ್ಲಿ ಮುಂಬಯಿಯ ದಲಿತ ಯುವಕರು ಅಮೆರಿಕದ ಕಪ್ಪು ಜನರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರಿನಿಂದಲೇ ದಲಿತ್ ಪ್ಯಾಂಥರ್ಸ್ ಕಟ್ಟಿದ್ದು, ಇವನ್ನು ಯಾವ ರಾಯಭಾರ ಕಚೇರಿಯೂ ಯೋಜಿಸಲಿಲ್ಲ. ತಪ್ಪಿಲ್ಲದ ದೇಶಕ್ಕೆ ಜಗತ್ತು ಕಾದು ಕುಳಿತಿಲ್ಲ. ತಪ್ಪನ್ನು ತಪ್ಪೆಂದು ಗಟ್ಟಿಯಾಗಿ ಹೇಳಲು ಎಡೆಯಿರುವ, ಹೇಳಿದವರು ಕೊನೆಗೆ ಕಾನೂನನ್ನೂ ಬದಲಿಸಬಲ್ಲ ದೇಶವನ್ನು ಅದು ಗೌರವಿಸುತ್ತದೆ.

ಒಮ್ಮೆ ಕಳೆದುಕೊಂಡ ವರ್ಚಸ್ಸು ಮರಳಿ ಬರುತ್ತದೆಯೇ?

ಇಂಡೋನೇಷ್ಯಾದ ಅಂಕಿಗಳನ್ನು ನೋಡಿ. ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗಳಲ್ಲಿ 2002ರಲ್ಲಿ ಅಮೆರಿಕದ ಬಗ್ಗೆ ಸದಭಿಪ್ರಾಯ ಹೊಂದಿದ್ದ ಇಂಡೋನೇಷ್ಯನ್ನರು ನೂರಕ್ಕೆ 61; ಇರಾಕ್ ಯುದ್ಧದ ಬೆನ್ನಿಗೆ, 2003ರಲ್ಲಿ, ಅದು 15ಕ್ಕೆ ಕುಸಿಯಿತು. 2004ರ ಡಿಸೆಂಬರ್ 26ರ ಸುನಾಮಿ ಆ ದೇಶದ ‘ಆಚೆ’ (Aceh) ಎಂಬ ಪ್ರಾಂತವನ್ನು ನುಂಗಿದಾಗ ಅಮೆರಿಕದ ನೌಕಾಪಡೆ ಅಬ್ರಹಾಂ ಲಿಂಕನ್ ಎಂಬ ವಿಮಾನವಾಹಕ ನೌಕೆಯನ್ನು ಕರಾವಳಿಯಾಚೆ ನಿಲ್ಲಿಸಿ, ಹೆಲಿಕಾಪ್ಟರುಗಳಲ್ಲಿ ನೀರು, ಅಕ್ಕಿ, ಔಷಧ ಹೊತ್ತು ರಸ್ತೆ ಕಡಿದ ಊರುಗಳಿಗೆ ಇಳಿಸಿತು. 2005ರ ಸಮೀಕ್ಷೆಯಲ್ಲಿ ಆ ಸಂಖ್ಯೆ 38ಕ್ಕೆ ಏರಿತ್ತು.

ಇದರಲ್ಲಿ ಗಮನಿಸಬೇಕಾದ್ದು ಎರಡು. ಚೇತರಿಕೆ ಸಾಧ್ಯ, ಆದರೆ ಅದು ಅರ್ಧದಾರಿಯದು. 38 ಎಂಬುದು 61 ಅಲ್ಲ. ಮತ್ತೆ, ಯುದ್ಧನೌಕೆ ಸ್ವತಃ ಕಠಿಣವೂ ಅಲ್ಲ, ಮೃದುವೂ ಅಲ್ಲ. 1971ರಲ್ಲಿ ಬಂಗಾಳ ಕೊಲ್ಲಿಗೆ ಬಂದದ್ದೂ ವಿಮಾನವಾಹಕ ನೌಕೆಯೇ, 2005ರ ಆರಂಭದಲ್ಲಿ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬಳಿ ನಿಂತದ್ದೂ ಅಂಥದ್ದೇ.

ಹಾಗಾದರೆ 2025ರಲ್ಲಿ ಏನು ಬದಲಾಯಿತು? ಇದು ಹಿಂದಿನ ಇಳಿತಗಳಂಥದ್ದೇ ಅಲ್ಲವೇ?

ಹಿಂದೆ ನೀತಿಗಳು ಕೆಟ್ಟಾಗಲೂ ಅದನ್ನು ಸರಿಪಡಿಸಿಕೊಳ್ಳುವ ಉಪಕರಣಗಳು ಕೈಯಲ್ಲಿದ್ದವು. ಈ ಸಲ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಎರಡನೆಯ ಅವಧಿಯಲ್ಲಿ, ಉಪಕರಣಗಳನ್ನೇ ಕಳಚಲಾಗಿದೆ. 1961ರಲ್ಲಿ ಅಧ್ಯಕ್ಷ ಜಾನ್ ಎಫ್. ಕೆನಡಿ ಸ್ಥಾಪಿಸಿದ, ವಿದೇಶಗಳಿಗೆ ನೆರವು ಹಂಚುವ ಯುಎಸ್‌ಏಡ್ ಸಂಸ್ಥೆಯ ಕಾರ್ಯಕ್ರಮಗಳಲ್ಲಿ ನೂರಕ್ಕೆ 83ನ್ನು ರದ್ದುಪಡಿಸಿರುವುದಾಗಿ ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರೂಬಿಯೊ 2025ರ ಮಾರ್ಚಿನಲ್ಲಿ ಪ್ರಕಟಿಸಿದರು; ಜುಲೈ 1ರಿಂದ ಅದು ಸ್ವತಂತ್ರ ಸಂಸ್ಥೆಯಾಗಿ ಉಳಿಯಲಿಲ್ಲ. ಸುಮಾರು 50 ಭಾಷೆಗಳಲ್ಲಿ ಪ್ರಸಾರವಾಗುತ್ತಿದ್ದ ವಾಯ್ಸ್ ಆಫ್ ಅಮೆರಿಕದ ಬಹುತೇಕ ಸಿಬ್ಬಂದಿಯನ್ನು ಅದೇ ಮಾರ್ಚಿನಲ್ಲಿ ರಜೆಯ ಮೇಲೆ ಕಳಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವ ಆದೇಶಕ್ಕೆ ಜನವರಿಯಲ್ಲೇ ಸಹಿ ಬಿದ್ದಿತ್ತು. ಯುನೆಸ್ಕೊದಿಂದ ಹೊರಬರುವ ಘೋಷಣೆ ಜುಲೈಯಲ್ಲಿ ಬಂತು.

ವಿರೋಧಿಗಳಿಗಿಂತ ಹೆಚ್ಚಾಗಿ ಗೆಳೆಯರೇ ಇದರ ಬಿಸಿ ಕಂಡರು. ಟ್ರಂಪ್ ಕೆನಡಾವನ್ನು ಅಮೆರಿಕದ 51ನೆಯ ರಾಜ್ಯವೆಂದು ಕರೆದಾಗ, ಕ್ರೀಡಾಂಗಣದಲ್ಲಿ ಅಮೆರಿಕದ ರಾಷ್ಟ್ರಗೀತೆ ಮೊಳಗುತ್ತಿದ್ದಂತೆ ಅದನ್ನು ಧಿಕ್ಕರಿಸಿ ಕೂಗಿದವರು ಅದೇ ಭಾಷೆಯಾಡುವ, ಅದೇ ಆಟಗಳನ್ನು ಆಡುವ ನೆರೆಯವರು. 2025ರ ಪ್ಯೂ ಸಮೀಕ್ಷೆಯಲ್ಲಿ 24 ದೇಶಗಳ ಪೈಕಿ 15ರಲ್ಲಿ ಅಮೆರಿಕದ ಬಗೆಗಿನ ಸದಭಿಪ್ರಾಯ ಹಿಂದಿನ ವರ್ಷಕ್ಕಿಂತ ಕುಗ್ಗಿತ್ತು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಮ್ಯಾನ್ಮಾರ್. 2025ರ ಮಾರ್ಚ್ 28ರಂದು ಮಾಂಡಲೆಯ ಬಳಿ ಭಾರೀ ಭೂಕಂಪವಾಯಿತು. ಚೀನಾದ ರಕ್ಷಣಾ ತಂಡಗಳು ಬೇಗ ತಲುಪಿದವು, ಭಾರತ ‘ಆಪರೇಷನ್ ಬ್ರಹ್ಮ’ ಹೆಸರಿನಲ್ಲಿ ವೈದ್ಯರನ್ನೂ ಸಾಮಗ್ರಿಯನ್ನೂ ಕಳಿಸಿತು. ಅಮೆರಿಕದಿಂದ ಹೋದದ್ದು ಮೂವರ ಒಂದು ಪುಟ್ಟ ತಂಡ. ಅವಶೇಷಗಳ ನಡುವೆ ಕೆಲಸದಲ್ಲಿದ್ದಾಗಲೇ ಅವರಿಗೆ ನೌಕರಿ ಹೋಗುವ ಸೂಚನೆ ತಲುಪಿತು. ‘ಆಚೆ’ ಪ್ರಾಂತದಲ್ಲಿ ಇಳಿದ ಹೆಲಿಕಾಪ್ಟರುಗಳಿಂದ ಮಾಂಡಲೆಗೆ ಇರುವುದು ಇಪ್ಪತ್ತೇ ವರ್ಷಗಳ ದೂರ.

ಅಮೆರಿಕದ ತೆರಿಗೆದಾರ ಜಗತ್ತಿಗೇಕೆ ಖರ್ಚು ಮಾಡಬೇಕು?

ಆ ಪ್ರಶ್ನೆ ಕೇಳುವ ಹಕ್ಕು ಅವರಿಗಿದೆ. ಆದರೆ ವಿದೇಶಿ ನೆರವು ಅಮೆರಿಕದ ಒಕ್ಕೂಟ ಬಜೆಟ್ಟಿನಲ್ಲಿ ನೂರಕ್ಕೆ ಸುಮಾರು ಒಂದು ಪಾಲಿನಷ್ಟೇ ಇತ್ತು. ಜಾರ್ಜ್ ಡಬ್ಲ್ಯು. ಬುಷ್ 2003ರಲ್ಲಿ ಆರಂಭಿಸಿದ ಏಡ್ಸ್ ಚಿಕಿತ್ಸಾ ಕಾರ್ಯಕ್ರಮ ಆಫ್ರಿಕಾದಲ್ಲೂ ಇತರೆಡೆಯೂ ಎರಡೂವರೆ ಕೋಟಿ ಜೀವಗಳನ್ನು ಉಳಿಸಿದೆಯೆಂದು ಅಮೆರಿಕದ ಸರ್ಕಾರವೇ ಲೆಕ್ಕ ಹಾಕಿತ್ತು. ಇರಾಕ್ ಯುದ್ಧ ಆರಂಭಿಸಿದ ವರ್ಷವೇ ಅದೇ ಅಧ್ಯಕ್ಷ ಇದನ್ನೂ ಆರಂಭಿಸಿದರು ಎಂಬುದನ್ನು ಮರೆಯಬಾರದು.

ಅಮೆರಿಕ ಬಿಟ್ಟ ಜಾಗವನ್ನು ಚೀನಾ ತುಂಬುವುದೇ?

ರಸ್ತೆ, ಬಂದರು, ವಿದ್ಯುತ್ ಸ್ಥಾವರಗಳ ಮಟ್ಟಿಗೆ ಅದು ಈಗಾಗಲೇ ತುಂಬಿದೆ. 2013ರಿಂದ ನಡೆದಿರುವ ಬೆಲ್ಟ್ ಅಂಡ್ ರೋಡ್ ಯೋಜನೆ ಇದರ ಗುರುತು. ಹಲವು ದೇಶಗಳ ಪ್ರಜೆಗಳಿಗೆ ವೀಸಾ ಇಲ್ಲದೆ ಬರಲು ಬಿಟ್ಟಿರುವುದೂ ಜಾಣ ನಡೆಯೇ. ಆದರೆ ಮೇಲೆ ಹೇಳಿದ ಆರ್ಮ್‌ಸ್ಟ್ರಾಂಗ್ ಪ್ರಸಂಗ ಚೀನಾದಲ್ಲಿ ಇಂದು ನಡೆಯಲಾರದು. ಜೊತೆಗೆ ಗಾಲ್ವಾನ್ ಕಣಿವೆಯಲ್ಲಿ 2020ರ ಜೂನ್‌ನಲ್ಲಿ ರಕ್ತ ಹರಿದ ಎರಡೇ ವಾರದಲ್ಲಿ ಕೋಟ್ಯಂತರ ಭಾರತೀಯರ ಕೈಯಲ್ಲಿದ್ದ ಟಿಕ್‌ಟಾಕ್ ನಿಷೇಧವಾಯಿತು. ಜನಪ್ರಿಯ ಆ್ಯಪ್ ಒಂದು ದೇಶದ ಮೇಲಿನ ಅಪನಂಬಿಕೆಯನ್ನು ತೊಳೆಯಲಿಲ್ಲ.

ನನ್ನ ಭಯ ಬೇರೆ. ಜಾಗ ತುಂಬದೆ ಹಾಗೆಯೇ ಖಾಲಿ ಉಳಿಯಬಹುದು. ಆಫ್ರಿಕಾದ ಹಳ್ಳಿಯಲ್ಲಿ ಮುಚ್ಚಿದ ಚಿಕಿತ್ಸಾಲಯದ ಬಾಗಿಲನ್ನು ಯಾರೂ ಮತ್ತೆ ತೆರೆಯದಿರಬಹುದು.

ಹಾಲಿವುಡ್, ಐಫೋನ್, ಚಾಟ್‌ಜಿಪಿಟಿ ಇರುವಾಗ ಅಮೆರಿಕಕ್ಕೆ ಚಿಂತೆ ಏಕೆ?

ಸರಕನ್ನು ಮೆಚ್ಚುವುದು ಬೇರೆ, ಮಾತನ್ನು ನಂಬುವುದು ಬೇರೆ. ಅಮೆರಿಕದ ಸಿನಿಮಾ ನೋಡಿ, ಅಮೆರಿಕದ ಫೋನಿನಲ್ಲೇ ಅಮೆರಿಕದ ವಿರುದ್ಧ ಬರೆಯುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಈಗ ಸೋರುತ್ತಿರುವುದು ನಂಬಿಕೆ.

ಕನ್ನಡಿಗರಿಗೆ ಇದರಿಂದ ಏನು?

ಬಹಳಷ್ಟು. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಇಂಡಿಯಾನಾಕ್ಕೆ ಹೋದರು, ಆಮೇಲೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಮೂರು ದಶಕ ಪಾಠ ಹೇಳಿದರು, ಅಲ್ಲಿಂದ ವಚನಗಳನ್ನು ಇಂಗ್ಲಿಷಿಗೆ ತಂದು ಜಗತ್ತಿಗೆ ತಲುಪಿಸಿದರು. ಆ ವಿದ್ಯಾರ್ಥಿವೇತನ 1946ರಲ್ಲಿ, ಮಹಾಯುದ್ಧ ಮುಗಿದ ಮೇಲೆ ಹೊರದೇಶಗಳಲ್ಲಿ ಉಳಿದಿದ್ದ ಯುದ್ಧಸಾಮಗ್ರಿ ಮಾರಿದ ಹಣದಿಂದ ಹುಟ್ಟಿದ್ದು. ಅಮೆರಿಕ ಒಬ್ಬ ವಿದ್ಯಾರ್ಥಿಗೆ ಬಾಗಿಲು ತೆರೆದದ್ದರಿಂದ ಬಸವಣ್ಣ, ಅಕ್ಕಮಹಾದೇವಿಯರಿಗೆ ಹೊಸ ಓದುಗರು ದೊರೆತರು. ಆಕರ್ಷಣೆ ಎರಡೂ ಕಡೆ ಹರಿಯುತ್ತದೆ. 1965ರ ವಲಸೆ ಕಾಯ್ದೆ ಮೂಲದೇಶದ ಆಧಾರದ ಕೋಟಾಗಳನ್ನು ತೆಗೆದುಹಾಕಿದ ಮೇಲೆ ನಮ್ಮ ವೈದ್ಯರು, ಎಂಜಿನಿಯರುಗಳು ಅಲ್ಲಿ ಮನೆ ಮಾಡಿದರು. ಊರೂರಿನ ಕನ್ನಡ ಕೂಟಗಳನ್ನು ಜೋಡಿಸುವ ‘ಅಕ್ಕ’ 1998ರಲ್ಲಿ ಹುಟ್ಟಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು ಇದೇ ಕಥೆಯ ಇನ್ನೊಂದು ತುದಿ.

ಈಗ ಅದೇ ಬಾಗಿಲು ಕಿರಿದಾಗುತ್ತಿದೆ. 2023–24ರಲ್ಲಿ ಅಮೆರಿಕದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು. ಆ ವರ್ಷ ನಾವು ಚೀನಾವನ್ನು ಹಿಂದೆ ಹಾಕಿದ್ದೆವು. 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನು ಕೆಲವು ವಾರ ನಿಲ್ಲಿಸಿ, ಅರ್ಜಿದಾರರ ಸಾಮಾಜಿಕ ಜಾಲತಾಣಗಳನ್ನು ಜಾಲಾಡುವ ನಿಯಮ ತಂದರು. ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದರು. ಆಗಸ್ಟ್ ಕೊನೆಗೆ ಭಾರತದ ಸರಕುಗಳ ಮೇಲಿನ ಸುಂಕ ನೂರಕ್ಕೆ 50 ತಲುಪಿತ್ತು. ಅದೇ ವರ್ಷದ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ, ಇನ್ನು ವೀಸಾಕ್ಕಾಗಿ ಚೆನ್ನೈಗೋ ಹೈದರಾಬಾದಿಗೋ ಹೋಗುವುದು ತಪ್ಪೀತು ಎಂದು ಎಷ್ಟೊಂದು ಮನೆಗಳಲ್ಲಿ ಖುಷಿಪಟ್ಟಿದ್ದರು! ಆದರೆ ವೀಸಾ ಸೇವೆ ಆಗ ಆರಂಭವಾಗಲಿಲ್ಲ.

ಮುಂದೆ ಯಾವುದನ್ನು ಗಮನಿಸಬೇಕು?

ನಾನು ಗಮನಿಸುವುದು ಅಧ್ಯಕ್ಷರ ಭಾಷಣಗಳನ್ನಲ್ಲ. ಅಧಿಕಾರ ಬದಲಾದಾಗ ಹೊಸ ಸರ್ಕಾರ ಮುಚ್ಚಿದ ಸಂಸ್ಥೆಗಳನ್ನು ಕಾಯ್ದೆಯ ಬಲದಿಂದ ಮತ್ತೆ ಕಟ್ಟುವುದೋ, ಇಲ್ಲ ಇನ್ನೊಂದು ಆದೇಶದಿಂದ ಮುಚ್ಚಬಹುದಾದ ಹಾಗೆ ಕಟ್ಟುವುದೋ ನೋಡಬೇಕು. ನಾಲ್ಕು ವರ್ಷಕ್ಕೊಮ್ಮೆ ಒಪ್ಪಂದ ಹರಿಯುವ ದೇಶದ ಜೊತೆ ಇಪ್ಪತ್ತು ವರ್ಷದ ಯೋಜನೆ ಮಾಡಲು ಯಾರೂ ಮುಂದೆ ಬರುವುದಿಲ್ಲ, ಅದರ ಉದ್ದೇಶ ಎಷ್ಟೇ ಒಳ್ಳೆಯದಿರಲಿ. ನ್ಯಾಯಾಲಯ, ಪತ್ರಿಕೆ, ವಿಶ್ವವಿದ್ಯಾಲಯಗಳು ಅಧಿಕಾರಕ್ಕೆ ಇಲ್ಲ ಎನ್ನುವ ಶಕ್ತಿಯನ್ನು ಎಷ್ಟು ಉಳಿಸಿಕೊಳ್ಳುತ್ತವೆ ಎಂಬುದು ಇನ್ನೂ ಮುಖ್ಯ. ಲಿಟಲ್ ರಾಕ್‌ನ ಕಾಲದಲ್ಲಿ ಅಮೆರಿಕವನ್ನು ಕಾಪಾಡಿದ್ದು ಅದೇ. ಇನ್ನು ಜಗತ್ತಿನ ಯಾವುದಾದರೂ ಕರಾವಳಿಯಲ್ಲೋ ಬೆಟ್ಟದ ತಪ್ಪಲಿನಲ್ಲೋ ಮುಂದಿನ ದುರಂತ ಸಂಭವಿಸಿದಾಗ, ಮೊದಲ ಮೂರು ದಿನಗಳಲ್ಲಿ ಅಲ್ಲಿಗೆ ಯಾರ ಹೆಲಿಕಾಪ್ಟರುಗಳು ಇಳಿದವು ಎಂಬುದನ್ನು ನಾನು ನೋಡುತ್ತೇನೆ.